ಖಾಲಿ ಕಾಟಾದ ಮೇಲೆ ಐವತ್ತು ಕಿಲೋ

ಬಳ್ಳಾರಿಯ ರಸ್ತೆಗಳಲ್ಲಿ ಅದಿರು ಲಾರಿಗಳ ಸಾಲು ಮುಗಿಯದಿದ್ದ ಕಾಲವದು. ನಾನು ಸಿರುಗುಪ್ಪದವನು. ಡಿಪ್ಲೊಮಾ ಮುಗಿಸಿ ಬಳ್ಳಾರಿಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಲಾರಿ ತೂಗುವ ಕಾಟಾಗಳಿಗೆ ತೂಕ ತೋರಿಸುವ, ಲಿನಕ್ಸ್‌ನಲ್ಲಿ ಓಡುವ ಪುಟ್ಟ ಪೆಟ್ಟಿಗೆ ಮಾಡುತ್ತಿದ್ದೆವು. ಅದರ ರೂಟ್ ಫೈಲ್‌ಸಿಸ್ಟಮ್ ಕಟ್ಟುವುದು ನನ್ನ ಪಾಲಿನದು. ಅಂದರೆ, ಕರೆಂಟು ಕೊಟ್ಟೊಡನೆ ಪೆಟ್ಟಿಗೆ ಎದ್ದು ಕೆಲಸ ಶುರುಮಾಡಲು ಬೇಕಾದ ಫೈಲುಗಳನ್ನೆಲ್ಲ ಎಂಟು ಎಂಬಿ ಜಾಗದಲ್ಲಿ ತುರುಕುವುದು. ಒಂದು ಫೈಲು ಬಿಟ್ಟುಹೋದರೂ ಏಳುತ್ತಿರಲಿಲ್ಲ. ಹದಿನೈದು ದಿನ ಒದ್ದಾಡಿದ ಮೇಲೆ ಅಂಗಡಿಯಲ್ಲಿ ಸರಿಯಾಗಿ ಎದ್ದಿತು. ಪರೀಕ್ಷೆಗೆಂದು ಕುರುಗೋಡು ರಸ್ತೆಯ ಒಂದು ಕಾಟಾಕ್ಕೆ ಒಯ್ದೆ.

ಸುಡು ಮಧ್ಯಾಹ್ನ. ಕಾಟಾದ ಪಕ್ಕದ ಕೋಣೆಯಲ್ಲಿ ಕೂತು ಪೆಟ್ಟಿಗೆ ಜೋಡಿಸತೊಡಗಿದೆ. ಕಾಟಾ ನೋಡಿಕೊಳ್ಳುವ ಖಾಜಾಸಾಬ್ ಲಾರಿಗಳನ್ನು ಗೇಟಿನಾಚೆ ತಡೆದು ನಿಲ್ಲಿಸಿದರು. ಕಸ ಗುಡಿಸುವ ಹುಲಿಗೆಮ್ಮ ಕಾಟಾದ ಕಬ್ಬಿಣದ ಹಾಸಿನ ಮೇಲೆ ಚೆಲ್ಲಿದ್ದ ಅದಿರಿನ ಪುಡಿ ಗುಡಿಸತೊಡಗಿದಳು. ಅಷ್ಟರಲ್ಲಿ ಗಾಳಿ ಎದ್ದಿತು. ಕೆಂಪು ಧೂಳು ಮುಚ್ಚಿಕೊಂಡು ಕಿಟಕಿಯಾಚೆ ಏನೂ ಕಾಣದಾಯಿತು. ಪೊರಕೆಯ ಸದ್ದು ನಿಂತಿತು. ಚಹಾಕ್ಕೆ ಹೋಗಿರಬೇಕು ಅಂದುಕೊಂಡೆ.

ಪೆಟ್ಟಿಗೆ ಎದ್ದು 50 ಕಿಲೋ ಎಂದು ತೋರಿಸಿತು.

"ಖಾಜಾಸಾಬ್, ಕಾಟಾದ ಮ್ಯಾಲ ಏನರ ಐತೇನ್ರಿ?"

ಅವರು ಬಾಗಿಲಲ್ಲೇ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. "ಏನೂ ಇಲ್ರೀ. ಖಾಲಿ ಐತಿ."

ಮೂರು ಸಲ ಆರಿಸಿ ಹಚ್ಚಿದೆ. ಮೂರು ಸಲವೂ 50. ನಾನು ಕಟ್ಟಿದ್ದರಲ್ಲೇ ಏನೋ ತಪ್ಪಿದೆ ಅನ್ನಿಸಿತು. ಲ್ಯಾಪ್‌ಟಾಪ್ ತೆರೆದೆ. ಪೆಟ್ಟಿಗೆ ಏಳುವಾಗ ಕಾಟಾದ ಮೇಲೆ ಎಷ್ಟೇ ತೂಕ ಇರಲಿ, ಅದನ್ನೇ ಸೊನ್ನೆ ಎಂದು ಹಿಡಿಯುವಂತೆ ಒಂದು ಸಾಲು ಸೇರಿಸಿ, ಎಲ್ಲ ಮತ್ತೆ ಕಟ್ಟಿ ತುಂಬಿದೆ. 0 ಬಂತು.

"ಒಂದು ಲಾರಿ ಬಿಡ್ರಿ, ನೋಡೂಣು" ಅಂದೆ. ಧೂಳು ಇನ್ನೂ ಇಳಿದಿರಲಿಲ್ಲ. ಖಾಜಾಸಾಬ್ ಹೊರಗೆ ಹೋಗಿ ಸೀಟಿ ಹೊಡೆದರು.

ಆಗ 0 ಹೋಗಿ -10 ಆಯಿತು. ನೋಡುತ್ತಿದ್ದಂತೆ -20. ಮತ್ತೆ -10.

ಏನೂ ಇಲ್ಲದ ಕಡೆಯಿಂದ ಇಳಿದುಹೋಗುತ್ತಿರುವುದೇನು? ಯಾರೋ ಉಸಿರಾಡಿದ ಹಾಗೆ ಅಂಕಿ ಹಿಂದೆ ಮುಂದೆ ಆಡುತ್ತಿತ್ತು. ನಿಂತುಹೋದ ಪೊರಕೆಯ ಸದ್ದು ನೆನಪಾಯಿತು. ಹೊರಗೆ ತುಂಬಿದ ಲಾರಿ ಗುಡುಗುತ್ತ ಹತ್ತಿರ ಬರುತ್ತಿತ್ತು.

"ನಿಲ್ಲಿಸ್ರಿ! ಏ, ನಿಲ್ಲಿಸ್ರಿ!" ಎಂದು ಕೂಗುತ್ತ ಧೂಳಿನೊಳಗೆ ಓಡಿದೆ. ಲಾರಿ ಹತ್ತಬೇಕಿದ್ದ ತುದಿಯಲ್ಲೇ ಹುಲಿಗೆಮ್ಮ ಬೋರಲು ಬಿದ್ದಿದ್ದಳು. ಸೀರೆ, ಕೂದಲು, ಮುಖ ಎಲ್ಲವೂ ಕಾಟಾದಷ್ಟೇ ಕೆಂಪು. ಬಿಸಿಲಿಗೆ ಎಚ್ಚರ ತಪ್ಪಿದ್ದವಳು ಈಗ ಹಾಸಿನಾಚೆಯ ನೆಲಕ್ಕೆ ಕೈ ಊರಿ ತೆವಳಲು ನೋಡುತ್ತಿದ್ದಳು; ಅಂಕಿ ಇಳಿದದ್ದು ಅದಕ್ಕೇ. ಬಾಯಿಂದ ಸ್ವರವೇ ಬರುತ್ತಿರಲಿಲ್ಲ. ಅವಳಿಂದ ಒಂದು ಮಾರು ದೂರದಲ್ಲಿ ಲಾರಿ ನಿಂತಿತು. ಅದೇ ಲಾರಿಯಲ್ಲಿ ಆಸ್ಪತ್ರೆಗೆ ಒಯ್ದೆವು.

ವಾರದ ಮೇಲೆ ನೋಡಲು ಹೋದಾಗ ಹುಲಿಗೆಮ್ಮ ನನ್ನ ಕೈ ಹಿಡಿದುಕೊಂಡಳು. "ಯಾರ ಕಣ್ಣಿಗೂ ಬೀಳಲಿಲ್ಲ ನಾನು. ನಿನಗೆ ಹೆಂಗ ಕಂಡ್ನೆಪ್ಪಾ? ನೂರು ವರ್ಷ ಬಾಳು."

ನಾನು ತಲೆ ತಗ್ಗಿಸಿದೆ. ಅವಳು ಅಲ್ಲಿದ್ದಾಳೆಂದು ಪೆಟ್ಟಿಗೆ ಮೊದಲೇ ಹೇಳಿತ್ತು. ಎದ್ದು ಹೋಗಿ ನೋಡದೆ, ಕೂತಲ್ಲೇ ಅವಳನ್ನು ಸೊನ್ನೆ ಮಾಡಿದವನು ನಾನು. ಅದನ್ನು ಅವಳಿಗೆ ಹೇಳದೆಯೇ ಎದ್ದು ಬಂದೆ. ಅವಳ ಹರಕೆ ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ.