ರಕ್ತ ಕಾಯಿಸುವ ಅತ್ತೆ ಓಡಿಹೋದದ್ದು

ನನ್ನ ಸೋದರತ್ತೆಗೆ ರಕ್ತ ಕಾಯಿಸುವ ಕೆಲಸ. ಬೆಚ್ಚಿಬೀಳಬೇಡಿ, ಸಿನಿಮಾ ರಕ್ತ. ಸಕ್ಕರೆ ಪಾಕಕ್ಕೆ ಜೋಳದ ಹಿಟ್ಟು, ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಿದ್ದಳು. ಆಗತಾನೆ ಚಿಮ್ಮಿದ ರಕ್ತಕ್ಕೆ ಒಂದು ಹದ, ಗೋಡೆಗೆ ಅಂಟಿ ಒಣಗಿದ್ದಕ್ಕೆ ಇನ್ನೊಂದು. ಬಾಯಿಂದ ಸುರಿಯುವುದಕ್ಕೆ ಮಾತ್ರ ಏಲಕ್ಕಿ ಬೀಳುತ್ತಿತ್ತು. "ಸಾಯೋರ ಬಾಯಿಗೆ ರುಚಿ ಬೇಡ್ವಾ?" ಎನ್ನುತ್ತಿದ್ದಳು.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳೂ ಅವಳೇ, ಗಡಿಯಾರ ರಿಪೇರಿ ಮಾಡುವ ನನ್ನಪ್ಪನ ಸಂಸಾರ ತೂಗಿಸಿದವಳೂ ಅವಳೇ. ಐವತ್ತು ದಾಟಿದ ಮೇಲೆ ಅವಳಿಗೆ ಪ್ರೀತಿ ಹುಟ್ಟಿತು, ಅದೂ ಒಂದು ಹೆಣದ ಮೇಲೆ. ಅವರು ಸಿನಿಮಾಗಳಲ್ಲಿ ಹೆಣವಾಗಿ ಬಿದ್ದುಕೊಳ್ಳುವುದರಲ್ಲೇ ಹೆಸರು ಮಾಡಿದವರು. ಮೂಗಿನ ಮೇಲೆ ನೊಣ ಕೂತರೂ ಮಿಸುಕುತ್ತಿರಲಿಲ್ಲ. ಅತ್ತೆ ಕಿವಿಯ ಹಿಂದೆ ರಕ್ತ ಸವರುವಾಗ ಮಾತ್ರ ಆ ಹೆಣಕ್ಕೆ ನಗು ಬಂದುಬಿಡುತ್ತಿತ್ತು. ನಾನು ಅವರನ್ನು ಹೆಣಮಾವ ಎಂದೇ ಕರೆಯುತ್ತಿದ್ದೆ.

ಅಪ್ಪ ಸುತರಾಂ ಒಪ್ಪಲಿಲ್ಲ. "ನಾನು ಸತ್ತ ಮೇಲೆ ಏನಾದ್ರೂ ಮಾಡ್ಕೊ" ಎಂದ.

"ಸಾಯೋದು ಅವ್ರ ಕೆಲ್ಸ ಅಣ್ಣ, ನಿಂಗ್ಯಾಕೆ?"

ಅಂದಿನಿಂದ ಅಪ್ಪ ಮುಖ ಗಂಟು ಹಾಕಿಕೊಂಡ. ಅತ್ತೆ ಓಡಿಹೋಗುವುದೆಂದು ನಿರ್ಧರಿಸಿದಳು. ಗೊತ್ತು ಮಾಡಿದ ದಿನವೇ ನೋಂದಣಿ ಕಚೇರಿಯಲ್ಲಿ ಮದುವೆ ಆಗಲೇಬೇಕಿತ್ತು, ಮರುದಿನ ಹೆಣಮಾವ ದೂರದ ಊರಿನ ಶೂಟಿಂಗಿಗೆ ಹೊರಡುವವರಿದ್ದರು. ಅವರು ತಿರುಗಿ ಬರುವಷ್ಟರಲ್ಲಿ ಅಣ್ಣನ ಸಪ್ಪೆ ಮುಖ ನೋಡಿ ನೋಡಿ ತನ್ನ ಧೈರ್ಯ ಕರಗಿಹೋಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಾಕ್ಷಿಗೆ ನಾನು ಹೊರಟೆ. ಅಪ್ಪನ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರಿಬ್ಬರೂ ಆಗ ಕೆಲಸ ಮಾಡುತ್ತಿದ್ದ ಸಿನಿಮಾವೂ ಓಡಿಹೋಗುವ ಪ್ರೇಮಿಗಳದ್ದೇ. ಬ್ಯಾಂಕು ದೋಚಿ, ಅಡ್ಡ ಬಂದವರಿಗೆಲ್ಲ ಗುಂಡಿಕ್ಕಿ, ಕಾರಿಗೆ ಪೆಟ್ರೋಲ್ ಹಾಕಿಸಲು ಮರೆತವರು ಯಾರೆಂದು ಕಿತ್ತಾಡುತ್ತ ಸಾಯುವ ಜೋಡಿ. ನಾಯಕ ಸತ್ತ ಮೇಲೂ ರೆಪ್ಪೆ ಬಡಿಯುತ್ತಿದ್ದುದರಿಂದ ಮದುವೆಯ ದಿನ ಶೂಟಿಂಗ್ ಮುಗಿಯುವುದೇ ತಡವಾಯಿತು. ಮುಖ ತೊಳೆಯುವುದಕ್ಕೂ ಪುರುಸೊತ್ತಿರಲಿಲ್ಲ. ಕೇಳಿದರೆ ಕೊಡುವುದಿಲ್ಲವೆಂದು ಗೊತ್ತಿದ್ದರಿಂದ ಕೇಳದೆಯೇ ಸಿನಿಮಾದ ಕಾರು ಹತ್ತಿದೆವು. ಮೂರು ಗುಂಡು ತಿಂದ ಅಂಗಿಯಲ್ಲಿ ಹೆಣಮಾವ ಚಾಲಕನ ಸೀಟಿನಲ್ಲಿ, ಪಕ್ಕದಲ್ಲಿ ಮೊಣಕೈವರೆಗೆ ಕೆಂಪಾಗಿದ್ದ ಅತ್ತೆ, ಹಿಂದೆ ನಾನು.

ಪೆಟ್ರೋಲ್ ಬಂಕಿನವನು ನಮ್ಮನ್ನು ಕಂಡದ್ದೇ ತಡ, ಎರಡೂ ಕೈ ಮೇಲೆತ್ತಿ ನಿಂತ.

"ಕೈ ಇಳಿಸಪ್ಪ, ಪೈಪ್ ಯಾರು ಹಿಡೀತಾರೆ?" ಎಂದಳು ಅತ್ತೆ. ಅವನು ಒಂದೇ ಕೈ ಇಳಿಸಿ ಪೆಟ್ರೋಲ್ ತುಂಬಿದ, ನಾವು ಹೊರಟ ಮೇಲೆ ಪೊಲೀಸರಿಗೆ ಫೋನ್ ಮಾಡಿದ.

ನೋಂದಣಿ ಕಚೇರಿಯ ಮುಂದೆ ಇಳಿಯುವಷ್ಟರಲ್ಲಿ ಜೀಪು ಬಂದೇಬಂತು. ಬಂದ ರಭಸಕ್ಕೆ ಕಲ್ಲಿಗೆ ಬಡಿದು ಅದರ ಟೈರು ಢಂ ಎಂದು ಸಿಡಿಯಿತು. ಅಷ್ಟು ಸಾಕಾಯಿತು. ಎಷ್ಟೋ ವರ್ಷಗಳ ಅಭ್ಯಾಸಬಲ, ಹೆಣಮಾವ ಎದೆ ಹಿಡಿದುಕೊಂಡು ಅರ್ಧ ಸುತ್ತು ತಿರುಗಿ ಮೆಟ್ಟಿಲ ಮೇಲೆ ಉರುಳಿದರು.

"ಯಾರ್ರೀ ಗುಂಡು ಹಾರಿಸಿದ್ದು?" ಎಂದು ಇನ್ಸ್‌ಪೆಕ್ಟರ್ ಗದರಿದರು.

"ನಾನಲ್ಲ ಸಾರ್" ಎಂದು ವಯಸ್ಸಾದ ಪೇದೆ ಅಳುವುದಕ್ಕೇ ಶುರುಮಾಡಿದ.

ಅತ್ತೆಯ ಅಭ್ಯಾಸವೂ ಬಿಡಬೇಕಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೆಣದ ಗದ್ದವನ್ನು ಬೆಳಕಿಗೆ ತಿರುಗಿಸಿ, ಕೆನ್ನೆಗೆ ಇನ್ನಷ್ಟು ಕೆಂಪು ಬಳಿದಳು.

"ಅಮ್ಮಾ, ಅವ್ರು ಹೋಗ್ಬಿಟ್ರು" ಎಂದ ಪೇದೆ.

"ಹ್ಞೂಂ, ಚೆನ್ನಾಗಿ ಬಂದಿದೆ" ಎಂದಳು ಅತ್ತೆ.

ಅವಳ ಬೆರಳು ಕಿವಿಯ ಹಿಂದೆ ಹೋಯಿತು. ಹೆಣ ಕಿಲಕಿಲ ನಕ್ಕಿತು. ಇನ್ಸ್‌ಪೆಕ್ಟರ್ ಹಾರಿ ಜೀಪಿನ ಬಾನೆಟ್ ಮೇಲೆ ಕೂತರು. ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಎಲ್ಲ ವಿವರಿಸಿ, ಕೇಳದೆ ಕಾರು ತಂದದ್ದಕ್ಕೆ ಫೋನಿನಲ್ಲಿ ನಿರ್ದೇಶಕರ ಕ್ಷಮೆ ಕೇಳಿ ಮುಗಿಸುವ ಹೊತ್ತಿಗೆ ಗೊತ್ತಾಯಿತು, ಅತ್ತೆಯ ಗುರುತಿದ್ದ ಇನ್ನೊಬ್ಬ ಪೇದೆ ಆಗಲೇ ಅಪ್ಪನಿಗೆ ಸುದ್ದಿ ಮುಟ್ಟಿಸಿಬಿಟ್ಟಿದ್ದ: ನಿಮ್ಮ ತಂಗಿ, ಮೈಯೆಲ್ಲ ರಕ್ತ, ಬೇಗ ಬನ್ನಿ.

ಅಪ್ಪ ಆಟೋದಿಂದ ಇಳಿದ. ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ತಂಗಿಯ ಬಟ್ಟೆ ಒಗೆದ ನೀರು ದಿನಾ ಕೆಂಪಗೆ ಹರಿಯುವುದನ್ನು ಕಂಡವನೇ, ಆದರೆ ಗಾಬರಿಯಾದಾಗ ಬುದ್ಧಿ ಎಲ್ಲಿರುತ್ತದೆ? ಅವಳ ಮುಂದೆ ಕುಸಿದು ಎರಡೂ ಕೈ ಹಿಡಿದುಕೊಂಡ.

"ಸಕ್ಕರೆ ಕಣೋ ಅಣ್ಣ. ಬೇಕಾದ್ರೆ ನೆಕ್ಕಿ ನೋಡು."

ಅವನು ನಿಜವಾಗಿಯೂ ಬೆರಳು ನೆಕ್ಕಿ ನೋಡಿದ. ಆಮೇಲೆ ಮಗುವಿನ ಹಾಗೆ ಬಿಕ್ಕಿದ. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಅತ್ತೆಯ ಮುಖವೂ ಬಾಡಿತು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಎದ್ದಳು.

"ನಡಿ ಅಣ್ಣ, ಮನೆಗೆ ಹೋಗೋಣ" ಎಂದಳು.

ಹೆಣಮಾವ ಹೋಗಿ ಅವರಿಗಾಗಿ ಕಾರಿನ ಬಾಗಿಲು ತೆರೆದು ಹಿಡಿದರು. ಒಳಗೆ ಗುಮಾಸ್ತ ಕಿಟಕಿ ಮುಚ್ಚುವ ಸದ್ದು ಕೇಳುತ್ತಿತ್ತು.

ಅಪ್ಪ ಕಣ್ಣೊರೆಸಿಕೊಂಡ. "ನೀನು ಹೋಗೇಬಿಟ್ಟೆ ಅಂತ ದಾರಿಯುದ್ದಕ್ಕೂ ಪೂರ್ತಿ ಅತ್ತು ಮುಗಿಸಿದೀನಿ. ಇನ್ನೊಂದ್ಸಲ ನನ್ ಕೈಲಾಗಲ್ಲ. ಒಳಗೆ ನಡಿ, ಬಾಗಿಲು ಹಾಕ್ತಾರೆ" ಎಂದ.