ಬ್ರೇಕಿಲ್ಲದ ಕಡೆಯ ಸೀಟು

ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಯೆದುರು ಕಾರು ನಿಂತೇ ಇರುತ್ತಿತ್ತು. ನನ್ನ ಹೆಂಡತಿ ಮಾತ್ರ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗುತ್ತಿದ್ದಳು. ಹಿಂದಿನ ಚಳಿಗಾಲದಲ್ಲಿ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಅವಳ ಕಾರು ಜಾರಿ, ಗರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅವಳು ಸ್ಟಿಯರಿಂಗ್ ಮುಟ್ಟಿರಲಿಲ್ಲ. ದಿನವೂ ಜನರಿಗೆ ಅರಿವಳಿಕೆ ಕೊಟ್ಟು ಮತ್ತೆ ಎಬ್ಬಿಸುವ ಡಾಕ್ಟರಿಗೆ ಬೀದಿಕೊನೆಯ ರೌಂಡಬೌಟಿನ ವೃತ್ತ ಕಂಡರೆ ಕೈ ಬೆವರುತ್ತಿತ್ತು.

ವಸಂತದ ರಜೆಗೆ ಅವ್ವನನ್ನೂ ಕರೆದುಕೊಂಡು ಕ್ಯಾನರಿ ದ್ವೀಪಗಳಲ್ಲೊಂದಕ್ಕೆ ಹೋದೆವು. ಅಲ್ಲಿ ಜ್ವಾಲಾಮುಖಿಯ ನೆತ್ತಿಯವರೆಗೂ ಟಾರು ರಸ್ತೆ ಇದೆ. ಬಾಡಿಗೆ ಕಾರಿನ ಕೀಲಿಯನ್ನು ಹೆಂಡತಿ ನನ್ನ ಕೈಯಿಂದ ತೆಗೆದುಕೊಂಡಳು.

"ಮೇಲಕ್ಕೆ ನಾನೇ ಓಡಿಸ್ತೀನಿ. ಇಲ್ಲಿ ಆಗ್ದಿದ್ರೆ ಲಂಡನ್ನಲ್ಲಿ ಇನ್ಯಾವತ್ತೂ ಆಗಲ್ಲ."

ಬೆಟ್ಟವೆಂದರೆ ನಮಗೆ ಮನೆ ಹತ್ತಿರದ ಹ್ಯಾರೋ ಗುಡ್ಡ, ಹತ್ತುವಷ್ಟರಲ್ಲಿ ಮುಗಿದುಹೋಗುತ್ತದೆ. ಇದು ಸಮುದ್ರದ ದಂಡೆಯಲ್ಲಿ ಶುರುವಾಗಿ, ಬಾಳೆತೋಟ ದಾಟಿ, ಪೈನ್ ಕಾಡು ಹೊಕ್ಕು, ಕೊನೆಗೆ ಸುಟ್ಟ ಇಟ್ಟಿಗೆಯ ಬಣ್ಣದ ಕಲ್ಲುಗಳ ನಡುವೆ ಹಾವಿನಂತೆ ಮಡಚಿಕೊಳ್ಳುತ್ತ ಏರುತ್ತಲೇ ಇತ್ತು. ಅಲ್ಲಿಯ ಕಾರಿನಲ್ಲಿ ಸ್ಟಿಯರಿಂಗ್ ಎಡಕ್ಕೆ. ನಾನು ಕೂತದ್ದು ಬಲಗಡೆ, ಲಂಡನ್ನಿನಲ್ಲಿ ಚಾಲಕ ಕೂರುವ ಜಾಗದಲ್ಲಿ. ಹಾಗಾಗಿ ಪ್ರತಿ ತಿರುವಿಗೂ ನನ್ನ ಬಲಗಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಹುಡುಕಿ ತುಳಿಯುತ್ತಿತ್ತು. ಬಾಯಿಯೂ ಸುಮ್ಮನಿರಲಿಲ್ಲ. "ಸಾವಕಾಶ... ಸೆಕೆಂಡ್ ಗೇರ್... ಎದುರಿಗೆ ವ್ಯಾನ್ ಬಂತು ನೋಡು..."

ಹಿಂದಿನಿಂದ ಅವ್ವ ಕೇಳಿದಳು: "ಏ ತಮ್ಮಾ, ಗಾಡಿ ಅಕಿ ನಡಸಾಕತ್ತಾಳೋ, ನೀ ನಡಸಾಕತ್ತೀಯೋ?"

ಅವ್ವನ ಮಡಿಲಲ್ಲಿ ಮಜ್ಜಿಗೆ ಬಾಟಲಿ ಇತ್ತು. ಎಲ್ಲಿಗೆ ಹೊರಟರೂ ಅವಳಿಗೆ ಶುಂಠಿ ಜಜ್ಜಿ ಹಾಕಿದ ಹುಳಿಮಜ್ಜಿಗೆ ಬೇಕು. "ಹೊರಗಿದ್ರ ಹುಳಿ ಚಲೋ ಬರ್ತದ" ಎಂದು ಹಿಂದಿನ ದಿನ ಫ್ರಿಜ್ಜಿನಲ್ಲಿಡದೆ, ಬಾಟಲಿಯ ಕುತ್ತಿಗೆವರೆಗೆ ತುಂಬಿ, ಮುಚ್ಚಳವನ್ನು ಬಿಗಿಯಾಗಿ ಅದುಮಿದ್ದಳು. ಬ್ರೈಟನ್ ಕಡಲತೀರಕ್ಕಾದರೆ ಆ ಮಜ್ಜಿಗೆ ಸಮಾಧಾನದಿಂದ ಬರುತ್ತಿತ್ತು. ಇಲ್ಲಿ ಮೇಲೇರಿದಂತೆ ಹೊರಗಿನ ಗಾಳಿ ತೆಳುವಾಗಿ, ಹುಳಿತದ್ದು ಒಳಗೇ ಉಬ್ಬುತ್ತಿತ್ತು. ಮೂವರಲ್ಲಿ ಯಾರಿಗೂ ಅದು ಹೊಳೆಯಲಿಲ್ಲ.

ಮೋಡದಿಂದ ಮೇಲೆ ಬಂದು ಕಡಿದಾದ ತಿರುವೊಂದನ್ನು ಏರುವಾಗ ಟಪ್ಪೆಂದು ಸದ್ದಾಯಿತು. ಮುಚ್ಚಳ ಹಾರಿ ಮುಂದಿನ ಗಾಜಿಗೆ ಬಡಿಯಿತು. ಮಜ್ಜಿಗೆ ನನ್ನ ಕತ್ತು, ಹೆಂಡತಿಯ ಕಿವಿ, ಸ್ಟಿಯರಿಂಗ್ ಎಲ್ಲಕ್ಕೂ ಎರಚಿತು. ಅವಳು ಬ್ರೇಕ್ ಒತ್ತಿದಳು. ಎಂಜಿನ್ ನಿಂತುಹೋಯಿತು. ಕಾರು ಇಷ್ಟೇ ಇಷ್ಟು ಹಿಂದಕ್ಕೆ ಜಾರಿತು. ನಾನು ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದರೆ ಸಿಕ್ಕಿದ್ದು ಅವಳ ಕೈ; ಆಗಲೇ ಎಳೆದಿದ್ದಳು.

"ರೀ, ಇಳೀರಿ."

"ಏನ?"

"ಕೆಳಗಿಳೀರಿ. ನಿಮ್ಮ ಕಾಲು ನೋಡ್ತಾ ಕೂತ್ರೆ ನಂಗೆ ರಸ್ತೆ ಕಾಣಲ್ಲ."

ನಾನು ಅವ್ವನ ಕಡೆ ತಿರುಗಿದೆ. ಅವಳು ಸೆರಗಿನಿಂದ ಕಿಟಕಿ ಒರೆಸುತ್ತಿದ್ದಳು. "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ. ಗಂಡಗ ಯಾವ ಕಾಲಾನೂ ಇಲ್ಲ. ಇಳೀಯೋ."

ಇಳಿದೆ. ಎಂಜಿನ್ ಎರಡು ಸಲ ಕೆಮ್ಮಿತು, ಆಮೇಲೆ ಕಾರು ಮುಲುಗುತ್ತ ಏರಿ ಬಂಡೆಯ ಹಿಂದೆ ಮರೆಯಾಯಿತು. ಸದ್ದೂ ನಿಂತಿತು. ಸದ್ದು ನಿಂತದ್ದೇ ನನ್ನನ್ನು ಕೊಂದಿತು. ಓಡಲು ಹೋದೆ, ಉಸಿರು ಸಿಕ್ಕಲಿಲ್ಲ. ನಡೆದೆ, ಕಾಲು ಒಪ್ಪಲಿಲ್ಲ. ಪ್ರತಿ ತಿರುವಿನಲ್ಲೂ ರಸ್ತೆಯಂಚಿನ ತಡೆಗೋಡೆ ಮುರಿದಿದೆಯೇ ಎಂದು ನೋಡುತ್ತ, ಕೆಳಗಿನ ಪ್ರಪಾತಕ್ಕೆ ಇಣುಕುತ್ತ, ಮೊಸರುವಾಸನೆಯ ಅಂಗಿಯಲ್ಲಿ ಚಳಿಗೆ ನಡುಗುತ್ತ ಹತ್ತಿದೆ. ಇಳಿದು ಬರುತ್ತಿದ್ದ ಸೈಕಲ್ ಸವಾರನೊಬ್ಬ ನನ್ನನ್ನು ನೋಡಿ ಅನುಮಾನದಿಂದಲೇ ಕೈ ಬೀಸಿದ.

ನೆತ್ತಿಯಲ್ಲಿ ಕಾರು ಕೊಂಚ ಸೊಟ್ಟಗೆ ನಿಂತಿತ್ತು. ಅದರಾಚೆ ಜ್ವಾಲಾಮುಖಿಯ ಬಾಯಿ, ಊರೇ ಮುಳುಗುವಷ್ಟು ಅಗಲ, ಅರ್ಧ ಮೋಡ. ಹೆಂಡತಿ ಬಾನೆಟ್ಟಿಗೆ ಒರಗಿದ್ದಳು. ಮುಖ ನಗುತ್ತಿತ್ತು.

"ಇಳಿಯೂಮುಂದ ನಾ ನಡಸ್ತೀನಿ ಬಿಡು. ದಣದಿ," ಎಂದೆ.

"ಇಳಿಯೋದು ಹತ್ತೋದಕ್ಕಿಂತ ಕಷ್ಟ ಅಲ್ವಾ?"

"ಹೌದು ಮತ್ತ."

"ಹಾಗಾದ್ರೆ ನಾನೇ. ನೀವು ಹಿಂದೆ ಕೂತ್ಕೊಳ್ಳಿ."

ಅವ್ವ ಆಗಲೇ ಮುಂದಿನ ಸೀಟಿಗೆ ಬಂದು ಬೆಲ್ಟ್ ಹಾಕಿಕೊಂಡಿದ್ದಳು.