ನಡುವೆಯೇ ಮುರಿಯಬೇಕಾದ ಸರಳು

ಬಾಗಲಕೋಟೆಯಲ್ಲಿ ಇನ್ನೂ ನಸುಕು. ಗಿರಣಿ, ಪಂಪುಗಳು ಶುರುವಾದರೆ ಕರೆಂಟು ತುಯ್ದಾಡುತ್ತದೆ. ಅದಕ್ಕೇ ಕೆಲಸಗಾರ ಅಂದಾನಪ್ಪ ಈ ಹೊತ್ತಿನಲ್ಲೇ ಎಂಜಿನಿಯರಿಂಗ್ ಕಾಲೇಜಿನ ಲೇಥ್ ಹಚ್ಚುತ್ತಾರೆ. ತಿರುಗುತ್ತಿರುವುದು ಟೈಟಾನಿಯಂ ಮಿಶ್ರಲೋಹದ ಸರಳು. ಅವಸರ ಮಾಡಿದರೆ ಈ ಲೋಹ ಕಾದು ಉಳಿಯನ್ನೇ ತಿಂದುಹಾಕುತ್ತದೆ, ಸುಲಿದು ಬಿದ್ದ ಸಿಪ್ಪೆಗೆ ಬೆಂಕಿಯೂ ಹತ್ತುತ್ತದೆ.

ಪ್ರಾಧ್ಯಾಪಕ ಇಮಾಮಹುಸೇನ ಅವರು ಯಾವ ಲೋಹ ಎಷ್ಟೆಂದು ಪಾಕ ಹೇಳಿ ಪರ ಊರಿನಲ್ಲಿ ಎರಕ ಹೊಯ್ಸಿದ ಹೊಸ ಮಿಶ್ರಲೋಹ ಇದು. ಬಂದದ್ದು ಎರಡೇ ಸರಳು. ಬಲ ಅಳೆಯಲು ಎಳೆದಾಗ ಮೊದಲನೆಯದು ನಡುವೆ ಮುರಿಯದೆ ಅಂಚಿನಲ್ಲಿ ಮುರಿಯಿತು. ನಡುವೆ ಮುರಿದರಷ್ಟೇ ಲೋಹದ ನಿಜವಾದ ಬಲ ತಿಳಿಯುವುದು; ಹಾಗಾಗಿ ಆ ಪರೀಕ್ಷೆ ಲೆಕ್ಕಕ್ಕೆ ಬರಲಿಲ್ಲ. ಉಳಿದದ್ದು ಇದೊಂದೇ.

"ಅದು ಲೋಹದ ತಪ್ಪಲ್ರಿ, ನಂದು. ಅಂಚಿನಾಗ ಒಂದು ಗೀರು ಉಳಿದಿತ್ತು. ಗೀರು ಇದ್ದಲ್ಲೇ ಹರೀತೈತಿ," ಎನ್ನುತ್ತಾರೆ ಅಂದಾನಪ್ಪ.

ಅಂದಾನಪ್ಪ ಇಳಕಲ್ಲಿನ ನೇಕಾರರ ಮಗ. ತಂದೆ ತೀರಿದ ಮೇಲೆ ಮಗ್ಗ ಮಾರಿ, ಹುನಗುಂದದ ಪಂಪು ರಿಪೇರಿ ಅಂಗಡಿಯಲ್ಲಿ ಲೇಥ್ ಕಲಿತರು. ತಾಯಿ ಗುರುಲಿಂಗವ್ವ ಇಂದಿಗೂ ಕೂಲಿಗೆ ರೇಷ್ಮೆ ಸುತ್ತುತ್ತಾರೆ. ಅವರಿಂದ ತಂದ ಹಸಿ ರೇಷ್ಮೆಯ ಎಳೆಯನ್ನು ಮಗ ಸರಳಿನ ಮೇಲೆ ಮೆಲ್ಲಗೆ ಎಳೆಯುತ್ತಾರೆ. ಕಣ್ಣಿಗೂ ಬೆರಳಿಗೂ ಸಿಗದ ಗೀರಿಗೆ ಎಳೆ ಸಿಕ್ಕಿಕೊಳ್ಳುತ್ತದೆ. ಇಂದೂ ಒಂದು ಕಡೆ ಸಿಕ್ಕಿತು. ಮತ್ತೆ ಎಮರಿ ಪೇಪರಿನಿಂದ ಉಜ್ಜುವುದು, ಮತ್ತೆ ಎಳೆ.

"ಅವ್ವ ಬೈತಾಳ್ರಿ. 'ಸೀರಿಗೆ ಹಾಕೂ ಎಳಿ ಕಬ್ಬಿಣಕ್ಕ ಉಡಸ್ತೀಯೇನೋ?' ಅಂತಾಳ."

ಬೆಳಿಗ್ಗೆ ಇಮಾಮಹುಸೇನ ಬರುತ್ತಾರೆ. ಸರಳಿನ ತುದಿಗೆ ವಜ್ರದ ಮೊನೆಯೊತ್ತಿ ಗಡಸುತನ ನೋಡುತ್ತಾರೆ. ವಜ್ರ ಬಿಟ್ಟ ಗುರುತು ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವಂಥದ್ದು. ಆಮೇಲೆ ಸರಳು ಎಳೆಯುವ ಯಂತ್ರಕ್ಕೇರುತ್ತದೆ.

"ಅಂದಾನಪ್ಪ, ದೇವರನ್ನ ನೆನಿ."

"ನಿಮ್ಮ ದೇವರನ್ನೂ ಕರೀರಿ ಸರ್. ಒಬ್ಬನ ಕೈಲೆ ಆಗೂ ಕೆಲಸ ಅಲ್ಲ ಇದು."

ಯಂತ್ರದ ಮುಳ್ಳು ಏರುತ್ತದೆ. ಐದು ಟನ್, ಆರು. ಸರಳು ಕಿರುಬೆರಳಿಗಿಂತ ಸಣ್ಣದು, ಉಕ್ಕಿಗಿಂತ ಎಷ್ಟೋ ಹಗುರ. ಆದರೂ ಕೆಂಪು ಕಲ್ಲು ತುಂಬಿದ ಸಣ್ಣ ಲಾರಿಯಷ್ಟು ಭಾರಕ್ಕೆ ಜಗ್ಗುವುದಿಲ್ಲ. ಏಳು ದಾಟಿದ ಮೇಲೆ ಎಲ್ಲೋ ಒಂದು ಕಡೆ ಸಣ್ಣಗಾಗತೊಡಗುತ್ತದೆ. ಅಂದಾನಪ್ಪ ಕಣ್ಣು ಮುಚ್ಚುತ್ತಾರೆ. ಗುಂಡು ಹಾರಿದಂಥ ಸದ್ದು.

ಪ್ರಾಧ್ಯಾಪಕರು ಅಂಕಿಯತ್ತ ಬಗ್ಗುತ್ತಾರೆ. ಅಂದಾನಪ್ಪ ಇನ್ನೂ ಬೆಚ್ಚಗಿರುವ ಎರಡು ತುಂಡುಗಳನ್ನು ಅಂಗೈಯಲ್ಲಿ ಜೋಡಿಸಿಟ್ಟು ನೋಡುತ್ತಾರೆ. ಉದ್ದದಲ್ಲಿ ಎರಡೂ ಸಮ.

"ನಡುವ ಹರದೈತ್ರಿ ಸರ್," ಎನ್ನುತ್ತಾರೆ. "ನಿಮ್ಮ ಕೆಲಸ ಮುಗದ ಮ್ಯಾಲೆ ಒಂದು ತುಂಡು ನನಗ ಕೊಡ್ರಿ. ತನ್ನ ಎಳಿ ಯಾವುದನ್ನ ಮುಟ್ಟಿ ಬಂದೈತಿ ಅಂತ ಅವ್ವ ಒಮ್ಮೆ ಕೈಯಾಗ ಹಿಡದು ನೋಡ್ಲಿ."